ಮಿರಜ್–ಮೈಸೂರು ಹಾದಿಯಲ್ಲಿ ಧಾರವಾಡ: ಅಬ್ದುಲ್ ಕರೀಂ ಖಾನರ ಪಯಣದ ಬದುಕು

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಕಾಶಮಾರ್ಗದ ಅಂತರ ಸುಮಾರು 370 ಕಿ.ಮೀ. ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ವಿಮಾನ ಏರಿದವರು ಒಂದು ಗಂಟೆಯ ಆಸುಪಾಸಿನಲ್ಲಿ ರಾಜಧಾನಿಯಲ್ಲಿ ಇಳಿಯುತ್ತಾರೆ. ರೈಲು ಮಾರ್ಗದಲ್ಲಿ ಇದೇ ಅಂತರ ಸುಮಾರು 470 ಕಿ.ಮೀ. ಧಾರವಾಡ ಮತ್ತು ಬೆಂಗಳೂರು ನಡುವೆ 2023ರ ಜೂನ್‌ನಲ್ಲಿ ಆರಂಭವಾದ ವಂದೇ ಭಾರತ್ ರೈಲು ಈ ಹಾದಿಯನ್ನು ಸುಮಾರು ಆರೂವರೆ ಗಂಟೆಗೆ ಇಳಿಸಿತು. ಊರುಗಳ ನಡುವಿನ ಅಂತರವನ್ನು ಇಂದಿನ ಪ್ರಯಾಣಿಕ ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಗಂಟೆಗಳಲ್ಲಿ ಅಳೆಯುತ್ತಾನೆ. ದಾರಿಯ ನಡುವೆ ಎಲ್ಲಿಯೂ ಇಳಿಯಬೇಕಾಗಿಲ್ಲ ಎಂಬುದೇ ಒಳ್ಳೆಯ ಪ್ರಯಾಣದ ಲಕ್ಷಣವೆನಿಸಿದೆ.

ಆದರೆ ಹುಬ್ಬಳ್ಳಿ-ಧಾರವಾಡಕ್ಕೆ ದೇಶದ ಸಂಗೀತ ಭೂಪಟದಲ್ಲಿ ದೊರೆತಿರುವ ಸ್ಥಾನಕ್ಕೆ, ದಾರಿಯ ನಡುವೆ ಇಳಿದ ಒಬ್ಬ ಪ್ರಯಾಣಿಕನ ಪಾಲು ಬಹಳ ದೊಡ್ಡದು. ಆ ಪ್ರಯಾಣಿಕ ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್. ಅವರ ಮನೆ ಇದ್ದುದು ಮಿರಜಿನಲ್ಲಿ. ಅವರನ್ನು ಕರೆಯುತ್ತಿದ್ದ ಅರಮನೆ ಇದ್ದುದು ಮೈಸೂರಿನಲ್ಲಿ. ಇವೆರಡರ ನಡುವಿನ ದೂರ ಒಂದೇ ಉಸಿರಿಗೆ ಕ್ರಮಿಸುವಂಥದಾಗಿರಲಿಲ್ಲ.

ಕೈರಾನಾದಿಂದ ಬರೋಡಕ್ಕೆ

ಅಬ್ದುಲ್ ಕರೀಂ ಖಾನ್ ಹುಟ್ಟಿದ್ದು 1872ರ ನವೆಂಬರ್ 11ರಂದು, ಉತ್ತರ ಭಾರತದ ಕೈರಾನಾ ಎಂಬ ಸಣ್ಣ ಊರಿನಲ್ಲಿ. ಅಂದು ಮುಜಫ್ಫರನಗರ ಜಿಲ್ಲೆಗೆ ಸೇರಿದ್ದ ಈ ಊರು ಇಂದು ಉತ್ತರ ಪ್ರದೇಶದ ಶಾಮ್ಲಿ ಜಿಲ್ಲೆಯಲ್ಲಿದೆ. ಕಿರಾನಾ ಎಂಬ ಘರಾಣೆಯ ಹೆಸರು ಬಂದಿರುವುದು ಈ ಊರಿನಿಂದಲೇ. ತಂದೆ ಕಾಲೇ ಖಾನ್ ಮತ್ತು ಚಿಕ್ಕಪ್ಪ ಅಬ್ದುಲ್ಲಾ ಖಾನ್ ಅವರಿಂದ ಬಾಲಕನಿಗೆ ಮೊದಲ ಪಾಠ. ಮನೆತನದಲ್ಲಿ ಗಾಯನದ ಜೊತೆಗೆ ವಾದ್ಯಗಳೂ ಇದ್ದವು. ಸಾರಂಗಿ ಮತ್ತು ಬೀನ್ ಎರಡರಲ್ಲಿಯೂ ಅವರಿಗೆ ಪರಿಶ್ರಮವಿತ್ತು. ಮುಂದೆ ಅವರ ಕಂಠದಲ್ಲಿ ಕೇಳುಗರು ಗುರುತಿಸಿದ ತಂತಿಯ ನಾದದಂಥ ಅಖಂಡತೆಗೆ ಈ ಸಾರಂಗಿಯ ಸಹವಾಸವೇ ಮೂಲವೆಂದು ಸಂಗೀತಜ್ಞರು ಭಾವಿಸುತ್ತಾರೆ.

ಅಂದಿನ ಸಂಗೀತಗಾರನಿಗೆ ಅನ್ನ ದೊರೆಯುತ್ತಿದ್ದುದು ಸಂಸ್ಥಾನಗಳಲ್ಲಿ. ಒಂದು ದರ್ಬಾರಿನಿಂದ ಇನ್ನೊಂದಕ್ಕೆ ಸಾಗುವುದೇ ಅವನ ಜೀವನಕ್ರಮ. ಸಹೋದರ ಅಬ್ದುಲ್ ಹಕ್ ಜೊತೆಗೆ ಊರು ಬಿಟ್ಟ ಅಬ್ದುಲ್ ಕರೀಂ ಖಾನ್ ಬರೋಡಾ ಸಂಸ್ಥಾನವನ್ನು ತಲಪಿದರು. ಕೈರಾನಾದಿಂದ ಬರೋಡಕ್ಕೆ ನೇರ ರೇಖೆಯಲ್ಲಿಯೇ ಸುಮಾರು 900 ಕಿ.ಮೀ. ಅಲ್ಲಿ ಆಸ್ಥಾನ ಗಾಯಕರಾಗಿ ನೆಲೆ ದೊರೆಯಿತು. ಆದರೆ ಆ ನೆಲೆ ಬಹುಕಾಲ ಉಳಿಯಲಿಲ್ಲ. ರಾಜಮನೆತನದ ಬಂಧುವಾಗಿದ್ದ ಸರದಾರ ಮಾರುತಿರಾವ್ ಮಾನೆಯವರ ಪುತ್ರಿ ತಾರಾಬಾಯಿ ಮತ್ತು ಯುವ ಗಾಯಕನ ನಡುವೆ ಪ್ರೇಮ ಅಂಕುರಿಸಿತು. ಜಾತಿ, ಧರ್ಮ, ಅಂತಸ್ತು ಮೂರನ್ನೂ ಮೀರಿದ ಈ ಸಂಬಂಧಕ್ಕೆ ಬರೋಡದಲ್ಲಿ ಜಾಗವಿರಲಿಲ್ಲ. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇಬ್ಬರೂ ಬರೋಡ ತೊರೆದು ಮುಂಬಯಿ ಸೇರಿದರು. ಅಲ್ಲಿಂದ ದಕ್ಷಿಣಕ್ಕೆ ಬಂದು, ಮಿರಜಿನಲ್ಲಿ ನೆಲೆ ಕಂಡುಕೊಂಡರು.

ಮಿರಜ್ ಅಂದು ಒಂದು ಸಣ್ಣ ಸಂಸ್ಥಾನದ ರಾಜಧಾನಿ. ಮರಾಠಿಯ ಜೊತೆಗೆ ಕನ್ನಡವೂ ಕಿವಿಗೆ ಬೀಳುವ ಗಡಿ ಊರು. ಸಿತಾರ್, ತಂಬೂರಿಗಳನ್ನು ತಯಾರಿಸುವ ಕುಶಲಕರ್ಮಿಗಳ ಮನೆತನಗಳು ಇಲ್ಲಿದ್ದವು. ಪ್ಲೇಗಿನ ಆ ದಿನಗಳಲ್ಲಿ ಖಾನ್ ಸಾಹೇಬರಿಗೂ ಆ ವ್ಯಾಧಿ ತಗುಲಿತೆಂದೂ, ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಹಾಡಿನ ಸೇವೆ ಸಲ್ಲಿಸಿ ಗುಣಮುಖರಾದರೆಂದೂ ಊರಿನಲ್ಲಿ ನಂಬಿಕೆಯಿದೆ. ಅಂದಿನಿಂದ ಮಿರಜಿನ ಜೊತೆಗಿನ ಅವರ ಬಾಂಧವ್ಯ ಕಡಿಯಲಿಲ್ಲ. ಹುಟ್ಟೂರು ಕೈರಾನಾ ಅವರಿಂದ ಸುಮಾರು 1,400 ಕಿ.ಮೀ. ಹಿಂದೆ ಉಳಿಯಿತು.

ರೈಲು ತಂದ ದಾರಿ

ಖಾನ್ ಸಾಹೇಬರು ಮಿರಜಿಗೆ ಬರುವ ವೇಳೆಗೆ ಈ ಭಾಗದ ಭೂಗೋಳವೇ ಬದಲಾಗಿತ್ತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ, ಪುಣೆಯಿಂದ ಮಿರಜ್, ಬೆಳಗಾವಿ, ಲೋಂಡಾ, ಧಾರವಾಡ, ಹುಬ್ಬಳ್ಳಿ, ಹರಿಹರಗಳ ಮೂಲಕ ಬೆಂಗಳೂರಿನತ್ತ ಮೀಟರ್‌ಗೇಜ್ ಹಳಿ ಹಾಸಿತು. ಬೆಂಗಳೂರಿನಿಂದ ಮೈಸೂರಿಗೆ ಅದಾಗಲೇ 1882ರಲ್ಲಿ ರೈಲು ಬಂದಿತ್ತು. ಹೀಗೆ ಮರಾಠಿ ಸಂಸ್ಥಾನಗಳ ನಾಡು ಮತ್ತು ಒಡೆಯರ ಮೈಸೂರು ಒಂದೇ ಸರಪಳಿಯ ಎರಡು ತುದಿಗಳಾದವು. ಅದರ ನಡುವಿನ ದೊಡ್ಡ ಕೊಂಡಿ ಹುಬ್ಬಳ್ಳಿ. ರೈಲ್ವೆ ಕಾರ್ಯಾಗಾರವೂ ಅಲ್ಲಿಯೇ ನೆಲೆಯೂರಿತು.

ಇಂದಿನ ಲೆಕ್ಕದಲ್ಲಿ ಮಿರಜಿನಿಂದ ಹುಬ್ಬಳ್ಳಿಗೆ ರೈಲಿನಲ್ಲಿ ಸುಮಾರು 280 ಕಿ.ಮೀ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 470, ಅಲ್ಲಿಂದ ಮೈಸೂರಿಗೆ ಮತ್ತೆ 140. ಒಟ್ಟು 890 ಕಿ.ಮೀ.ಗಳ ಆಸುಪಾಸು. ಹಕ್ಕಿ ಹಾರುವ ದಾರಿಯಲ್ಲಿ ಮಿರಜ್–ಮೈಸೂರು ಅಂತರ 550 ಕಿ.ಮೀ. ಮಾತ್ರ. ಆದರೆ ಉಗಿಬಂಡಿಯ ಕಾಲದ ಗಾಯಕನಿಗೆ ಹಕ್ಕಿಯ ದಾರಿ ಲಭ್ಯವಿರಲಿಲ್ಲ. ತಂಬೂರಿಗಳು, ಶಿಷ್ಯರು, ಹಾಸಿಗೆ, ಅಡುಗೆಯ ಸಾಮಾನು ಎಲ್ಲವನ್ನೂ ಕಟ್ಟಿಕೊಂಡು ಹೊರಡುವ ಪ್ರಯಾಣವದು. ಒಂದು ರಾತ್ರಿಯಲ್ಲಿ ಮುಗಿಯುವುದಂತೂ ಸಾಧ್ಯವೇ ಇರಲಿಲ್ಲ. ನಡುವೆ ಎಲ್ಲಿಯಾದರೂ ತಂಗಲೇಬೇಕು. ಧಾರವಾಡದಲ್ಲಿ ಖಾನ್ ಸಾಹೇಬರ ಸಹೋದರ ನೆಲೆಸಿದ್ದುದರಿಂದ ತಂಗುವ ಊರು ತಾನಾಗಿಯೇ ನಿಶ್ಚಯವಾಯಿತು.

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಕರ್ನಾಟಕ ಸಂಗೀತದ ವಿದ್ವಾಂಸರಿಂದ ತುಂಬಿದ್ದ ಆ ಆಸ್ಥಾನ ಉತ್ತರದ ಕಲಾವಿದರಿಗೂ ಬಾಗಿಲು ತೆರೆದಿತ್ತು. ಸಿತಾರ್ ವಾದಕ ಬರ್ಕತುಲ್ಲಾ ಖಾನ್ ಆಸ್ಥಾನದಲ್ಲಿದ್ದರು. ದೇಶದ ಮೊದಲ ಗ್ರಾಮಫೋನ್ ತಾರೆ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದು, 1930ರಲ್ಲಿ ಕಣ್ಣುಮುಚ್ಚಿದ್ದು ಮೈಸೂರಿನಲ್ಲಿಯೇ. ಇಂಥ ಆಸ್ಥಾನ ಅಬ್ದುಲ್ ಕರೀಂ ಖಾನರನ್ನು ಮತ್ತೆ ಮತ್ತೆ ಬರಮಾಡಿಕೊಂಡಿತು. ಸಂಗೀತರತ್ನ ಎಂಬ ಬಿರುದನ್ನಿತ್ತು ಗೌರವಿಸಿತು.

ಖಾನ್ ಸಾಹೇಬರು ಮೈಸೂರಿನಿಂದ ತಂದದ್ದು ಬಿರುದನ್ನು ಮಾತ್ರವಲ್ಲ. ದಕ್ಷಿಣದ ಸಂಗೀತವನ್ನು ಅವರು ಶ್ರದ್ಧೆಯಿಂದ ಆಲಿಸಿದರು. ಸ್ವರಗಳ ಹೆಸರು ಹಿಡಿದು ವಿಸ್ತರಿಸುವ ಸರಗಮ್ ಅವರ ಗಾಯನದಲ್ಲಿ ಹೊಸ ಬಗೆಯಲ್ಲಿ ಕಾಣಿಸಿಕೊಂಡಿತು. ತ್ಯಾಗರಾಜರ ಕೃತಿಗಳನ್ನು ಕಲಿತು ಗ್ರಾಮಫೋನ್ ತಟ್ಟೆಗೂ ಹಾಡಿದರು. ಉತ್ತರ ಮತ್ತು ದಕ್ಷಿಣದ ಪದ್ಧತಿಗಳು ಒಂದನ್ನೊಂದು ದೂರದಿಂದಲೇ ನೋಡುತ್ತಿದ್ದ ಕಾಲದಲ್ಲಿ, ಉತ್ತರದ ಒಬ್ಬ ಉಸ್ತಾದ್ ಈ ಕೆಲಸ ಮಾಡಿದ್ದು ಸಣ್ಣ ಸಂಗತಿಯಲ್ಲ. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಬ್ರಿಟಿಷ್ ಅಧಿಕಾರಿ ಕ್ಲೆಮೆಂಟ್ಸ್ ಅವರು 22 ಶ್ರುತಿಗಳ ಬಗ್ಗೆ ನಡೆಸಿದ ಶೋಧನೆಗೂ ಅವರು ತಮ್ಮ ಕಂಠದಿಂದ ನೆರವಾದರು. 1913ರಲ್ಲಿ ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ತೆರೆದು, ಮನೆತನದ ವಿದ್ಯೆಯನ್ನು ಹೊರಗಿನ ಮಕ್ಕಳಿಗೂ ಹಂಚಿದರು.

ಕುಂದಗೋಳದ ಹುಡುಗ

ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ, ಅದೇ ರೈಲು ಹಳಿಯ ಪಕ್ಕದಲ್ಲಿರುವ ಊರು ಅಮರಗೋಳ. 1886ರ ಜನವರಿ 19ರಂದು ಅಲ್ಲಿ ರಾಮಚಂದ್ರ ಎಂಬ ಬಾಲಕ ಜನಿಸಿದ. ತಂದೆ ಗಣೇಶ ಸೌಂಶಿಯವರು ಕುಂದಗೋಳದ ನಾಡಗೀರ ಮನೆತನದಲ್ಲಿ ಕೆಲಸಕ್ಕಿದ್ದರು. ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ದೂರದ ಕುಂದಗೋಳ ಅಂದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಓದಿಗಿಂತ ಹಾಡಿನಲ್ಲಿಯೇ ಮಗನ ಮನಸ್ಸು ಇರುವುದನ್ನು ಕಂಡ ತಂದೆ ಅವನನ್ನು ಬಳವಂತರಾವ್ ಕೊಲ್ಹಟ್ಕರ್ ಅವರ ಬಳಿ ಪಾಠಕ್ಕೆ ಬಿಟ್ಟರು.

ಪ್ರಯಾಣದ ನಡುವೆ ಈ ಭಾಗದಲ್ಲಿ ತಂಗುತ್ತಿದ್ದ ಖಾನ್ ಸಾಹೇಬರು ಕುಂದಗೋಳದ ನಾಡಗೀರರ ವಾಡೆಗೂ ಬಂದರು. ಆ ಕಂಠವನ್ನು ಕೇಳಿದ ಹುಡುಗನಿಗೆ ಬೇರೆ ಗುರು ಬೇಡವೆನಿಸಿತು. ಎಂಟು ವರ್ಷ ಬಿಡದೆ ಕಲಿಯಬೇಕೆಂಬ ಷರತ್ತಿನ ಮೇಲೆ ಉಸ್ತಾದರು ಅವನನ್ನು ಶಿಷ್ಯನಾಗಿ ಸ್ವೀಕರಿಸಿದರೆಂದು ಹೇಳಲಾಗುತ್ತದೆ. ರಾಮಭಾವು ಗುರುವಿನ ಜೊತೆಗೆ ಹೊರಟ. ಅವರ ಪ್ರಯಾಣಗಳಲ್ಲಿ ಪಾಲ್ಗೊಂಡ, ತಂಬೂರಿ ಹಿಡಿದು ಹಿಂದೆ ಕುಳಿತ, ಒಂದೊಂದು ಸ್ವರವನ್ನು ತಿಂಗಳುಗಟ್ಟಲೆ ಸಾಧನೆ ಮಾಡಿದ. ಮುಂದೆ ನಾಟಕ ಕಂಪನಿ ಸೇರಿದ ಈ ಶಿಷ್ಯ, ಮರಾಠಿ ರಂಗಭೂಮಿಯಲ್ಲಿ ಪಡೆದ ಬಿರುದಿನಿಂದಲೇ ನಾಡಿಗೆ ಪರಿಚಿತನಾದ: ಸವಾಯಿ ಗಂಧರ್ವ.

ಧಾರವಾಡದಲ್ಲಿ ತಂಗಿದಾಗ ಉಸ್ತಾದರು ಹಾಡುವವರಷ್ಟೇ ಆಗಿರಲಿಲ್ಲ, ಕೇಳುವವರೂ ಆಗಿದ್ದರು. ಅಂಬಾಬಾಯಿಯವರ ಕರ್ನಾಟಕ ಸಂಗೀತವನ್ನು ಕೇಳಲು ಅವರ ಮನೆಗೆ ಖಾನ್ ಸಾಹೇಬರು ಬರುತ್ತಿದ್ದರು. ಆ ಮನೆಯ ಬಾಲಕಿಯ ಹೆಸರು ಗಂಗೂ. 1913ರ ಮಾರ್ಚ್ 5ರಂದು ಜನಿಸಿದ ಆಕೆ ಮುಂದೆ ಗಂಗೂಬಾಯಿ ಹಾನಗಲ್ ಆದರು. ದಕ್ಷಿಣ ಪದ್ಧತಿಯ ತಾಯಿ, ಮಗಳು ಉತ್ತರ ಪದ್ಧತಿಯಲ್ಲಿಯೇ ಬೆಳೆಯಲಿ ಎಂದು ಬಯಸಿದ್ದು, ಮನೆಯಲ್ಲಿ ತನ್ನ ಹಾಡನ್ನು ಹಿಂದಕ್ಕೆ ಸರಿಸಿದ್ದು ಈ ಊರಿನ ಸಂಗೀತ ಚರಿತ್ರೆಯ ಮನಕಲಕುವ ಅಧ್ಯಾಯ.

ಧಾರವಾಡದ ಹಿಂದುಸ್ತಾನಿ ಪರಂಪರೆಗೆ ಒಬ್ಬರೇ ಕಾರಣರೆಂದರೆ ತಪ್ಪಾದೀತು. ಈ ಪ್ರದೇಶ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಪುಣೆ, ಮುಂಬಯಿಗಳ ಗಾಳಿ ಇಲ್ಲಿ ಸಹಜವಾಗಿಯೇ ಬೀಸುತ್ತಿತ್ತು. ಮರಾಠಿ ನಾಟಕ ಕಂಪನಿಗಳು ಊರೂರು ಸುತ್ತಿ ರಾಗಗಳನ್ನು ಜನರ ಬಾಯಿಗೆ ತಂದಿದ್ದವು. ಭಾಸ್ಕರಬುವಾ ಬಖಲೆಯವರು ಧಾರವಾಡದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸಂಗೀತ ಶಿಕ್ಷಕರಾಗಿದ್ದು ಕೇಳುಗರನ್ನು ಸಿದ್ಧಗೊಳಿಸಿದ್ದರು. ಆದರೆ ಕೇಳುಗರಿರುವ ಊರಿನಲ್ಲಿ ಘರಾಣೆಯೊಂದು ಬೇರೂರಬೇಕಾದರೆ ಗುರು ಅಲ್ಲಿ ತಂಗಬೇಕು, ಮತ್ತೆ ಮತ್ತೆ ಬರಬೇಕು, ಶಿಷ್ಯನನ್ನು ಗುರುತಿಸಬೇಕು. ಮಿರಜ್–ಮೈಸೂರು ದಾರಿಯ ದೂರ ಅದಕ್ಕೆ ಅವಕಾಶ ಮಾಡಿಕೊಟ್ಟಿತು.

ಮನೆಯೊಳಗಿನ ದೂರ

ಸದಾ ಪಯಣದಲ್ಲಿದ್ದವರ ಮನೆಯ ಕಥೆ ಸುಖದ್ದಾಗಿರಲಿಲ್ಲ. ಬರೋಡದಿಂದ ಎಲ್ಲವನ್ನೂ ತೊರೆದು ಬಂದಿದ್ದ ತಾರಾಬಾಯಿ, ಎರಡು ದಶಕಗಳಿಗೂ ಮೀರಿದ ದಾಂಪತ್ಯದ ನಂತರ 1922ರಲ್ಲಿ ಪತಿಯಿಂದ ದೂರವಾದರು. ಐವರು ಮಕ್ಕಳೂ ತಾಯಿಯ ಜೊತೆಗೆ ನಡೆದರು. ಮಕ್ಕಳ ಹೆಸರುಗಳೇ ಬದಲಾದವು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದರು. ಚಂಪಾಕಲಿ ಹೀರಾಬಾಯಿ ಬಡೋದೇಕರ್ ಆದರು. ಸಕೀನಾ ಸರಸ್ವತಿ ರಾಣೆಯಾದರು. ಮೂವರೂ ಭಾರತೀಯ ಸಂಗೀತದಲ್ಲಿ ದೊಡ್ಡ ಹೆಸರು ಪಡೆದರು. ಆದರೆ ಯಾರ ಹೆಸರಿನಲ್ಲಿಯೂ ತಂದೆಯ ಹೆಸರಿನ ಗುರುತು ಉಳಿಯಲಿಲ್ಲ. ಹೀರಾಬಾಯಿಯವರ ಗಾಯನವನ್ನು ತಿದ್ದಿ ಬೆಳೆಸಿದವರು ಅದೇ ಕಿರಾನಾದ ಇನ್ನೊಬ್ಬ ಉಸ್ತಾದ್ ಅಬ್ದುಲ್ ವಹೀದ್ ಖಾನ್.

ಊರೂರುಗಳಲ್ಲಿ ಇಳಿದು ಅನ್ಯರ ಮಕ್ಕಳಿಗೆ ವಿದ್ಯೆಯನ್ನು ಧಾರೆಯೆರೆದ ಗುರುವಿಗೆ ಸ್ವಂತ ಮಕ್ಕಳ ಏಳಿಗೆಯನ್ನು ದೂರದಿಂದ ಕಾಣಬೇಕಾಗಿ ಬಂತು. ಮಿರಜ್–ಮೈಸೂರು ಅಂತರಕ್ಕೆ ರೈಲಿತ್ತು. ಈ ಅಂತರಕ್ಕೆ ಯಾವ ರೈಲೂ ಇರಲಿಲ್ಲ. ಅವರ ಕೊನೆಯ ವರ್ಷಗಳ ಧ್ವನಿಮುದ್ರಿಕೆಗಳಲ್ಲಿ ಕೇಳಿಬರುವ ಆರ್ತತೆಯನ್ನು ಈ ನೋವಿನ ಜೊತೆಗೆ ಜೋಡಿಸುವ ಕೇಳುಗರಿದ್ದಾರೆ. ಅದು ನಿಜವೇ ಇರಬಹುದು. ಆದರೆ ಸ್ವರವನ್ನು ಅವಸರವಿಲ್ಲದೆ ಹಿಡಿದು ನಿಲ್ಲುವ ಆ ಶೈಲಿ ಅವರಲ್ಲಿ ಅದಕ್ಕೂ ಮೊದಲೇ ರೂಪುಗೊಂಡಿತ್ತು.

ಪ್ಲಾಟ್‌ಫಾರಂನ ಕೊನೆಯ ಹಾಡು

1930ರ ದಶಕದಲ್ಲಿ ಎರಡು ಹೊಸ ಸಾಧನಗಳು ದೂರದ ಅರ್ಥವನ್ನು ಬದಲಿಸತೊಡಗಿದ್ದವು. 1932ರ ಅಕ್ಟೋಬರ್‌ನಲ್ಲಿ ಟಾಟಾ ಸಂಸ್ಥೆಯ ಅಂಚೆ ವಿಮಾನ ಕರಾಚಿಯಿಂದ ಮುಂಬಯಿಗೆ ಬಂತು. ಅದನ್ನು ಅಲ್ಲಿಯವರೆಗೆ ತಂದವರು ಜೆ.ಆರ್.ಡಿ. ಟಾಟಾ. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅಂಚೆಯನ್ನು ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಕನ್ನಡ ನಾಡಿನ ನೆಲಕ್ಕೆ ವಿಮಾನ ಇಳಿದ ಆ ದಿನಗಳಲ್ಲಿ ಖಾನ್ ಸಾಹೇಬರು ರೈಲಿನಲ್ಲಿಯೇ ತಿರುಗಾಡುತ್ತಿದ್ದರು. ಆಕಾಶದ ದಾರಿ ಅಂದು ಕಾಗದ ಪತ್ರಗಳಿಗೆ ಮಾತ್ರ ಮೀಸಲಾಗಿತ್ತು.

ಇನ್ನೊಂದು ಸಾಧನ ಗ್ರಾಮಫೋನ್. 20ನೆಯ ಶತಮಾನದ ಆರಂಭದಲ್ಲಿಯೇ ಧ್ವನಿಮುದ್ರಣ ಮಾಡಿಸಿದ್ದ ಉಸ್ತಾದರು 1930ರ ದಶಕದಲ್ಲಿ ಓಡಿಯನ್ ಕಂಪನಿಗೆ ಮತ್ತೆ ಹಾಡಿದರು. ಮೂರು ಚಿಲ್ಲರೆ ನಿಮಿಷಗಳ ತಟ್ಟೆಗಳು ಅವರು ಎಂದೂ ಕಾಲಿಡದ ಊರುಗಳನ್ನು ತಲಪಿದವು. ಅಂಥ ತಟ್ಟೆಯೊಂದರಲ್ಲಿ ಆ ಕಂಠವನ್ನು ಕೇಳಿದ ಗದಗಿನ ಹುಡುಗ, ಭೀಮಸೇನ ಜೋಶಿ, ಗುರುವನ್ನು ಅರಸಿ 1933ರಲ್ಲಿ ಹನ್ನೊಂದರ ಹರೆಯದಲ್ಲಿ ಮನೆಬಿಟ್ಟು ಓಡಿಹೋದ. ಗ್ವಾಲಿಯರ್, ಕಲ್ಕತ್ತ, ಜಲಂಧರ್‌ಗಳನ್ನು ಸುತ್ತಿ ಬಂದ ಆತನಿಗೆ ಕೊನೆಗೆ ಗುರು ದೊರೆತದ್ದು ಮನೆಯ ಬಳಿಯಲ್ಲಿ, ಕುಂದಗೋಳದಲ್ಲಿ, ಖಾನ್ ಸಾಹೇಬರ ಶಿಷ್ಯ ಸವಾಯಿ ಗಂಧರ್ವರ ರೂಪದಲ್ಲಿ.

ಖಾನ್ ಸಾಹೇಬರ ಕೊನೆಯ ಪ್ರಯಾಣ 1937ರದು. ಮದ್ರಾಸಿನಲ್ಲಿ ಹಾಡಿದ ನಂತರ ಅವರು ಪಾಂಡಿಚೇರಿಗೆ ಹೊರಟರು. ಅದು ಸುಮಾರು 200 ಕಿ.ಮೀ.ಗಳ ದಾರಿ. ಚೆಂಗಲ್ಪಟ್ಟು ಸಮೀಪಿಸುತ್ತಿದ್ದಂತೆ ರೈಲಿನಲ್ಲಿಯೇ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಶಿಷ್ಯರೊಡನೆ ಕೆಳಗಿಳಿದರು. ಪ್ಲಾಟ್‌ಫಾರಂ ಮೇಲೆಯೇ ಹಾಸಿಗೆ ಬಿಚ್ಚಲಾಯಿತು. ನಮಾಜು ಸಲ್ಲಿಸಿ, ದರ್ಬಾರಿ ರಾಗದಲ್ಲಿ ದೇವರ ಸ್ಮರಣೆ ಮಾಡುತ್ತ ಅವರು ಕೊನೆಯುಸಿರೆಳೆದರು. ಅಂದು ಅಕ್ಟೋಬರ್ 27. ವಯಸ್ಸು 65 ತುಂಬಲು ಕೆಲವೇ ದಿನಗಳು ಬಾಕಿಯಿದ್ದವು. ಬದುಕಿನುದ್ದಕ್ಕೂ ದಾರಿಯ ನಡುವೆ ಇಳಿಯುತ್ತಿದ್ದವರು ಕೊನೆಯ ಬಾರಿಗೂ ದಾರಿಯ ನಡುವೆಯೇ ಇಳಿದಿದ್ದರು. ದೇಹವನ್ನು ಮಿರಜಿಗೆ ತಂದು, ಅವರು ಹಾಡುತ್ತಿದ್ದ ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಸಮಾಧಿ ಮಾಡಲಾಯಿತು. ಅಲ್ಲಿ ಅವರ ನೆನಪಿನ ಸಂಗೀತ ಸೇವೆ ಉರುಸಿನ ಭಾಗವಾಗಿಯೇ ಬೆಳೆದು ಬಂತು.

ಉಳಿದ ದಾರಿ

ಗುರು ಹೋದ ಮೇಲೆ ದಾರಿ ಚಿಕ್ಕದಾಯಿತು, ಆದರೆ ನಿಲ್ಲಲಿಲ್ಲ. ಮಿರಜ್–ಮೈಸೂರಿನ 890 ಕಿ.ಮೀ. ಈಗ ಹುಬ್ಬಳ್ಳಿ–ಕುಂದಗೋಳದ 20 ಕಿ.ಮೀ.ಗೆ ಇಳಿಯಿತು. ರಂಗಭೂಮಿಯಿಂದ ಊರಿಗೆ ಮರಳಿದ ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಳ್ಳಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗುತ್ತಿದ್ದರು. ಪಾಠ ಮುಗಿಸಿ ರೈಲಿನಲ್ಲಿಯೇ ಹಿಂದಿರುಗುತ್ತಿದ್ದರು. ಮನೆಯಲ್ಲಿ ಸಂಸಾರವಿತ್ತು, ಕೈಯಲ್ಲಿ ಹಣವಿರಲಿಲ್ಲ, ಸಮಾಜದ ಕಣ್ಣು ಸದಾ ಮೇಲಿತ್ತು. ಆದರೂ ಆ ಓಡಾಟ ವರ್ಷಗಟ್ಟಲೆ ನಡೆಯಿತು. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಭೀಮಸೇನ ಜೋಶಿಯವರು ಗುರುವಿನ ಹೆಸರಿನಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ದೇಶದ ದೊಡ್ಡ ಸಂಗೀತ ಸಮಾರಾಧನೆಗಳಲ್ಲಿ ಒಂದಾಗಿ ಬೆಳೆಯಿತು. ಗಂಗೂಬಾಯಿಯವರು 2009ರಲ್ಲಿ, ಭಾರತರತ್ನ ಭೀಮಸೇನ ಜೋಶಿಯವರು 2011ರಲ್ಲಿ ಕಾಲವಾದರು.

ಕೈರಾನಾದ ಹೆಸರು ಹೊತ್ತ ಘರಾಣೆಯ ಅತ್ಯಂತ ಪ್ರಸಿದ್ಧ ಕಂಠಗಳು ಕೈರಾನಾದಿಂದ ಬರಲಿಲ್ಲ, ಹಳೆಯ ಧಾರವಾಡ ಜಿಲ್ಲೆಯಿಂದ ಬಂದವು. ಮೈಸೂರಿನಲ್ಲಿರುವ ರಾಜ್ಯ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿ ಹಾನಗಲ್ ಅವರ ಹೆಸರನ್ನಿಡಲಾಗಿದೆ. ಮೈಸೂರಿಗೆ ಹೋಗುವ ದಾರಿಯಲ್ಲಿ ಖಾನ್ ಸಾಹೇಬರು ಯಾವ ಮನೆಯಲ್ಲಿ ಕುಳಿತು ಹಾಡು ಕೇಳಿದ್ದರೋ, ಆ ಮನೆಯ ಮಗಳ ಹೆಸರು ಮೈಸೂರನ್ನು ತಲಪಿತು.

ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೆ 2020ರಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರನ್ನಿಡಲಾಯಿತು. 2023ರಲ್ಲಿ ಅಲ್ಲಿ ಉದ್ಘಾಟನೆಗೊಂಡ, ಒಂದೂವರೆ ಕಿ.ಮೀ. ಉದ್ದದ ಪ್ಲಾಟ್‌ಫಾರಂ ವಿಶ್ವದಲ್ಲಿಯೇ ಅತಿ ಉದ್ದದ್ದೆಂಬ ಹೆಗ್ಗಳಿಕೆ ಪಡೆಯಿತು. ಬೆಂಗಳೂರಿನಿಂದ ರಾತ್ರಿ ಹೊರಡುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ದಾಟಿ ಮರುದಿನ ಮಿರಜ್ ಮುಟ್ಟುತ್ತದೆ. ಖಾನ್ ಸಾಹೇಬರಿಗೆ ಚಿರಪರಿಚಿತವಾಗಿದ್ದ ಹಾದಿಯೇ ಅದು.

ವೇಗವನ್ನು ಹಳಿಯುವುದರಲ್ಲಿ ಅರ್ಥವಿಲ್ಲ. ಒಂದು ಗಂಟೆಯ ವಿಮಾನ ರೋಗಿಯನ್ನು ಆಸ್ಪತ್ರೆಗೆ, ಮಗನನ್ನು ತಾಯಿಯ ಬಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತದೆ. ಕಲಾವಿದನಿಗೂ ಅದು ವರವೇ ಸರಿ. ಆದರೆ ಸಂಜೆ ಇಳಿದು, ಹಾಡಿ, ಬೆಳಿಗ್ಗೆ ಹಿಂದಿರುಗುವ ಗಾಯಕ ಊರಿಗೆ ಕಚೇರಿಯನ್ನು ಕೊಡಬಲ್ಲ, ಪರಂಪರೆಯನ್ನು ಕೊಡಲಾರ. ಅದಕ್ಕೆ ತಂಗುವ ದಿನಗಳು ಬೇಕು. ಖಾನ್ ಸಾಹೇಬರಿಗೆ ಆ ದಿನಗಳನ್ನು ದೂರವೇ ಒದಗಿಸಿತ್ತು. ಇಂದಿನವರು ಅದನ್ನು ತಾವಾಗಿಯೇ ಒದಗಿಸಿಕೊಳ್ಳಬೇಕಾಗಿದೆ. ಸವಾಯಿ ಗಂಧರ್ವರ ಪುಣ್ಯತಿಥಿಯ ನೆನಪಿನಲ್ಲಿ ಕುಂದಗೋಳದ ನಾಡಗೀರರ ವಾಡೆಯಲ್ಲಿ ರಾತ್ರಿಯಿಡೀ ನಡೆದುಬಂದ ಸಂಗೀತ ಸೇವೆ, ಒಂದು ರಾತ್ರಿಯ ಮಟ್ಟಿಗಾದರೂ, ಆ ತಂಗುವಿಕೆಯನ್ನು ಉಳಿಸಿಕೊಂಡು ಬಂದಿದೆ.